ಸೈಕಲ್ ಗುಂಡಿನ ಬೀಸುವ ಕಲ್ಲು

ನಮ್ಮ ಯಜಮಾನರು ಹೊಸದೊಂದು ವಸ್ತುವಿಗೆ ಕೈ ಹಾಕಿದ್ದಾರೆ ಎಂಬುದು ನನಗೆ ತಿಳಿಯುತ್ತಿದ್ದದ್ದು ಅಡುಗೆಮನೆಯಲ್ಲಿ ಏನಾದರೊಂದು ಸಾಮಾನು ಕಾಣೆಯಾದಾಗ. ತುಪ್ಪದ ಮಿಳ್ಳೆ ಹೋಯಿತು. ಕೆಲವು ದಿನಗಳ ಮೇಲೆ ಅದು ಹತ್ತಿಬೀಜ ಬಿಡಿಸುವ ಮಿಷಿನ್ನಿಗೆ ತಾನಾಗಿಯೇ ಎಣ್ಣೆ ತೊಟ್ಟಿಕ್ಕುವ ಬಟ್ಟಲಾಗಿತ್ತು. ಶ್ಯಾವಿಗೆ ಒರಳಿನ ತೂತಿನ ಬಿಲ್ಲೆ ಹೋಯಿತು. ಅದನ್ನು ನೋಡಿಕೊಂಡು ಸ್ಟೇಷನ್ನಿನವರ ಕೈಲಾಂದ್ರಕ್ಕೆ ಒಂದು ತಗಡು ಮಾಡಿದರು. ಎಂಥ ಗಾಳಿಗೂ ಬತ್ತಿ ಆರುತ್ತಿರಲಿಲ್ಲ. ಬಾವಿಯ ರಾಟೆಗೆ ಕಬ್ಬಿಣದ ಹಲ್ಲೊಂದನ್ನು ಕೂರಿಸಿ, ಹಗ್ಗ ಕೈಜಾರಿದರೂ ಕೊಡ ಬಾವಿಗೆ ಬೀಳದಂತೆ ಮಾಡಿದ್ದೂ ಅವರೇ. ತೆಂಗಿನ ನಾರನ್ನು ಹುರಿ ಮಾಡುವ ಚಕ್ರ, ಗಾಡಿಯ ಅಚ್ಚಿಗೆ ಧೂಳು ಹೋಗದಂತೆ ತಡೆಯುವ ಮುಚ್ಚಳ, ಇನ್ನೂ ಏನೇನೋ. ಅವುಗಳಲ್ಲಿ ಕೆಲವಕ್ಕೆ ಮೈಸೂರು ಸರ್ಕಾರದಿಂದ ಪೇಟೆಂಟ್ ಕಾಗದ ಬಂದಿತ್ತು.

ಪೇಟೆಂಟ್ ಅಂದರೆ ಏನು ಎಂದು ಅಜ್ಜಂಪುರದ ನಮ್ಮ ಬೀದಿಯಲ್ಲಿ ಯಾರಾದರೂ ಕೇಳಿದರೆ ಉತ್ತರ ಹೇಳುವ ಕೆಲಸ ನಮ್ಮ ಅತ್ತೆಯವರದು. "ಹೊಲಕ್ಕೆ ಖಾತೆ ಇಲ್ವಾ? ಹಂಗೇ ಇದು ತಲೆಯೊಳಗಿನ ಬುದ್ಧಿಗೆ ಖಾತೆ. ನನ್ನ ಮಗ ಮಾಡಿದ್ದನ್ನ ಇನ್ನೊಬ್ರು ಮಾಡಿ ಮಾರಂಗಿಲ್ಲ" ಎನ್ನುತ್ತಿದ್ದರು. ವಕೀಲರು ಕೂಡ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಇವರು ಮೊದಲು ಶಿವನಿ ಸ್ಟೇಷನ್ನಿನಲ್ಲಿ, ಇಂಜಿನ್ನಿಗೆ ನೀರು ತುಂಬುವ ಪಂಪಿನ ಫಿಟ್ಟರ್ ಆಗಿದ್ದರು. ಆ ಕೆಲಸ ಬಿಟ್ಟದ್ದು ಒಂದು ಬೀಸುವ ಕಲ್ಲನ್ನು ನಂಬಿಕೊಂಡು. ತರೀಕೆರೆಯಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಸಾಹುಕಾರರೊಬ್ಬರು, "ನಿಮ್ಮ ಲಾಂದ್ರ ಗೀಂದ್ರ ಎಲ್ಲಾ ಸರಿ, ಅದನ್ನ ಕೊಳ್ಳೋರು ಎಷ್ಟು ಜನ? ಮನೆ ಮನೆಗೂ ಬೇಕಾಗೋ ಅಂಥದ್ದು ಒಂದು ಮಾಡಿ, ಪೇಟೆಂಟ್ ತಗೊಂಡು ಬನ್ನಿ. ಮಾಡಿಸಿ ಮಾರೋದು ನನಗೆ ಬಿಡಿ" ಎಂದಿದ್ದರು. ಇದು ಕೈಗೂಡದಿದ್ದರೆ ಕೋಲಾರದ ಚಿನ್ನದ ಗಣಿಯಲ್ಲಿ ಮಿಷಿನ್ ಕೆಲಸಕ್ಕೆ ಸೇರಬೇಕು. ಅಲ್ಲಿದ್ದ ಹಳೆಯ ಸ್ನೇಹಿತರೊಬ್ಬರು ಯುಗಾದಿಯವರೆಗೆ ಜಾಗ ಹಿಡಿದಿಟ್ಟಿರುತ್ತೇನೆಂದು ತಿಳಿಸಿದ್ದರು. ಗಣಿಗೆ ಹೋದರೆ ಹಿತ್ತಿಲಿನ ಕೊಟ್ಟಿಗೆಯಲ್ಲಿದ್ದ ಇವರ ಕುಲುಮೆ, ಕಬ್ಬಿಣ ಬಡಿಯುವ ಅಡಿಗಲ್ಲು, ಉಜ್ಜುವ ಅರಗಳು ಎಲ್ಲ ಅಲ್ಲೇ ತುಕ್ಕು ಹಿಡಿಯುತ್ತವೆ. ಸಂಬಳ ಬರುತ್ತದೆ, ಹೊಸದೇನನ್ನೂ ಮಾಡಲು ಬಿಡುವಿರುವುದಿಲ್ಲ. ಇವರ ಮುಖ ನೋಡಿದರೆ ಸಾಕು, ಯಾವುದು ಬೇಕು ಯಾವುದು ಬೇಡ ಎಂದು ತಿಳಿಯುತ್ತಿತ್ತು.

ಇನ್ನು ಆ ಕಲ್ಲಿನ ವಿಷಯ. ರಾಗಿ ಬೀಸುವ ಕಲ್ಲನ್ನು ತಿರುಗಿಸಿದವರಿಗೆ ಅದರ ಭಾರ ಹೇಳಬೇಕಾಗಿಲ್ಲ. ಬೆಳಗಿನ ಜಾವ ಎದ್ದು ಇಬ್ಬರು ಎದುರುಬದುರು ಕೂತು, ಒಂದೇ ಗೂಟವನ್ನು ಹಿಡಿದು ತಿರುಗಿಸಿದರೂ ಭುಜ ಬಿದ್ದುಹೋಗುತ್ತದೆ. ಮೇಲಿನ ಕಲ್ಲು ತನ್ನ ಭಾರವನ್ನೆಲ್ಲ ಕೆಳಗಿನ ಕಲ್ಲಿನ ಮೇಲೆ ಹಾಕಿ ಉಜ್ಜಿಕೊಂಡು ತಿರುಗುವುದೇ ಇದಕ್ಕೆ ಕಾರಣ. ಇವರು ಹಳೆಯ ಸೈಕಲ್ಲಿನ ಚಕ್ರದೊಳಗಿನ ಉಕ್ಕಿನ ಗುಂಡುಗಳನ್ನು ತಂದು, ಹೊಸದಾಗಿ ಕೊಂಡುತಂದ ಎರಡು ಕಲ್ಲುಗಳ ನಡುವೆ, ಸರಿಯಾಗಿ ಮಧ್ಯದಲ್ಲಿ, ಒಂದು ಬಿಲ್ಲೆಯ ಮೇಲೆ ಸುತ್ತಲೂ ಜೋಡಿಸಿ ಕೂರಿಸಿದರು. ಮೇಲಿನ ಕಲ್ಲು ಆ ಗುಂಡುಗಳ ಮೇಲೆ ಕೂತಿತು. ಆಮೇಲೆ ನನ್ನನ್ನು ಕರೆದು, "ತಿರುಗ್ಸು" ಎಂದರು. ಒಂದೇ ಕೈಯಲ್ಲಿ ತಿರುಗಿಸಿದೆ. ಕೈ ತೆಗೆದ ಮೇಲೂ ಕಲ್ಲು ಇನ್ನೊಂದು ಸುತ್ತು ಹೋಗಿ ನಿಂತಿತು. ರಾಗಿ ಹಾಕಿ ನೋಡೋಣ ಎಂದೆ. "ಮೊದ್ಲು ನಕ್ಷೆ ಆಗ್ಲಿ" ಎಂದು ಕಲ್ಲಿನ ಅಳತೆ ತೆಗೆದುಕೊಂಡು, ಪೇಟೆಂಟ್ ಅರ್ಜಿಗೆ ಬೇಕಾದ ನಕ್ಷೆ ಬರೆಸುವುದಕ್ಕೆ ಬೆಂಗಳೂರಿನ ರೈಲು ಹತ್ತಿಬಿಟ್ಟರು.

ಅರ್ಜಿ ಹಾಕುವ ಮೊದಲು ವಸ್ತು ಹೊರಗಿನವರ ಬಳಕೆಗೆ ಸಿಗಬಾರದು, ಸಿಕ್ಕರೆ ಅದನ್ನು ಸರ್ಕಾರ ಹೊಸದೆಂದು ಒಪ್ಪುವುದಿಲ್ಲ ಎಂಬ ಕಾಯಿದೆ ಇದೆಯಂತೆ. ಅದು ಇವರಿಗೆ ಚೆನ್ನಾಗಿ ಗೊತ್ತಿತ್ತು, ಮನೆಯಲ್ಲಿ ಹೇಳಿರಲಿಲ್ಲ. ಹೇಳುವ ಸಂದರ್ಭವೂ ಬಂದಿರಲಿಲ್ಲ. ಇಷ್ಟು ದಿನ ಮಾಡಿದ್ದೆಲ್ಲ ಸ್ಟೇಷನ್ನಿನದು, ಮಿಷಿನ್ನಿನದು, ಗಾಡಿಯದು. ಅವುಗಳ ತಂಟೆಗೆ ಅತ್ತೆ ಹೋದವರಲ್ಲ. ಬೀಸುವ ಕಲ್ಲು ಹಾಗಲ್ಲ. ಮನೆಗೆ ಹೊಸ ಕಲ್ಲು ಬಂದರೆ ಅದಕ್ಕೆ ಸುಣ್ಣದ ಗೆರೆ ಎಳೆದು, ವಿಭೂತಿ ಹಚ್ಚಿ, ಐವರು ಮುತ್ತೈದೆಯರು ಒಂದೊಂದು ಹಿಡಿ ರಾಗಿ ಹಾಕಿ ತಿರುಗಿಸಬೇಕು. ಆ ಶಾಸ್ತ್ರ ಆಗದೆ ಆ ಕಲ್ಲಿನ ಹಿಟ್ಟನ್ನು ಮನೆಯವರು ಮುಟ್ಟುವಂತಿಲ್ಲ. ಬೀಸಿದ ಹಿಟ್ಟನ್ನು ಐವರೂ ಹಂಚಿಕೊಂಡು ಮನೆಗೆ ಒಯ್ಯಬೇಕು. ಸೋಮವಾರ ಬಂತು. ಅತ್ತೆ ಸ್ನಾನ ಮಾಡಿ, ತಾವೇ ನಾಲ್ಕು ಮನೆ ತಿರುಗಿ ಕರೆದು ಬಂದರು. ಐದನೆಯವಳು ನಾನೇ ಆದೆ.

ಆ ಬೆಳಗ್ಗೆ ನಮ್ಮ ನಡುಮನೆಯಲ್ಲಿ ಆದ ಗದ್ದಲ ಹೇಳತೀರದು. ಮೊದಲು ಗೂಟ ಹಿಡಿದವರು ಎಂದಿನಂತೆ ಮೈಭಾರ ಹಾಕಿ ಎಳೆದರು. ಕಲ್ಲು ಸರ್ರನೆ ತಿರುಗಿ, ಅವರು ಪಕ್ಕದವರ ತೊಡೆಯ ಮೇಲೆ ಬಿದ್ದರು.

"ಅಯ್ಯೋ ಶಿವನೇ, ಇದೇನು ಕಲ್ಲೋ ಬುಗುರಿಯೋ" ಎಂದು ಎದ್ದು ಕೂತರು.

"ಮೆಲ್ಲಗೆ ಹಿಡ್ಕಳೇ. ನಿನ್ನ ಗಂಡನ ಕಿವಿ ಅಂದ್ಕಂಡ್ಯಾ" ಎಂದರು ಮೂಲೆಮನೆಯ ದೊಡ್ಡಮ್ಮ.

ಈ ಮೂಲೆಮನೆಯ ದೊಡ್ಡಮ್ಮನವರ ಬಾಯಿಗೆ ನಮ್ಮ ಬೀದಿಯಲ್ಲಿ ಹೆದರದವರಿರಲಿಲ್ಲ. ಕಲ್ಲು ಹಗುರವೆಂದು ಮಿಕ್ಕವರೆಲ್ಲ ಹೊಗಳುತ್ತಿರುವಾಗ ಅವರು ಮೊರದಿಂದ ಒಂದು ಚಿಟಿಕೆ ಹಿಟ್ಟು ತೆಗೆದು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. "ತಿರುಗೋದೇನೋ ತಿರುಗ್ತದೆ. ಹಿಟ್ಟೆಲ್ಲಿ? ಇದು ಕುದುರೆಗೆ ಇಡೋ ನುಚ್ಚು ಕಣ್ರೀ. ಇದ್ರಲ್ಲಿ ಮುದ್ದೆ ಕಟ್ಟಿದ್ರೆ ಗಂಟಲಲ್ಲಿ ಗರಗರ ಅಂತದೆ."

ಅತ್ತೆಗೆ ಕೋಪ ಬಂತು. "ಮೊದ್ಲ ದಿನ ಕಣಮ್ಮ, ಕಲ್ಲು ಪಳಗಬೇಕು" ಎಂದರು. ಎರಡು ಸಲ ಬೀಸಿದರೆ ನುಣ್ಣಗಾಗುತ್ತದೆಂದು ನಾನೂ ಹೇಳಿದೆ. ಎರಡು ಸಲ ಬೀಸಿದರೂ ನುಚ್ಚು ನುಚ್ಚಾಗಿಯೇ ಇತ್ತು. ಆದರೂ ಅವತ್ತಿನಿಂದ ಬೀದಿಯ ಹೆಂಗಸರು ಜೋಳ ಒಡೆಯುವುದಕ್ಕೆ, ಬೇಳೆ ಮಾಡುವುದಕ್ಕೆ ಮೊರ ಹಿಡಿದು ಬರತೊಡಗಿದರು. ಆ ಕೆಲಸಕ್ಕೆ ಕಲ್ಲು ಬಲು ಚೆನ್ನಾಗಿತ್ತು. ಬೀಸುವ ಕಲ್ಲಿಗೆ ಬಂದವರನ್ನು ಬೇಡ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಅಷ್ಟರಲ್ಲಿ ನಮ್ಮೂರ ಕಮ್ಮಾರರೂ ಬಂದು ಬಗ್ಗಿ ನೋಡಿ, ಗುಂಡುಗಳು ಎಲ್ಲಿ ಕೂತಿವೆಯೆಂದು ತಿಳಿದುಕೊಂಡು ಹೋದರು.

ಇವರು ಬೆಂಗಳೂರಿನಿಂದ ನಕ್ಷೆ ಸುತ್ತಿಕೊಂಡು ಬಂದಾಗ ನಡುಮನೆಯಲ್ಲಿ ಮೂವರು ಹೆಂಗಸರು ತೊಗರಿ ಒಡೆಯುತ್ತಿದ್ದರು. ಇವರು ಬಾಗಿಲಲ್ಲೇ ನಿಂತರು. ಕಾಲು ತೊಳೆಯದೆ ಹಿತ್ತಿಲಿಗೆ ಹೋಗಿ ಕೊಟ್ಟಿಗೆಯಲ್ಲಿ ಕೂತುಬಿಟ್ಟರು. ಹೆಂಗಸರು ಹೋದ ಮೇಲೆ ನಾನು ನೀರಿನ ಚೊಂಬು ಹಿಡಿದು ಹೋದೆ. ಆಗ ಆ ಕಾಯಿದೆಯನ್ನು ಹೇಳಿದರು. ಬೈಯಲಿಲ್ಲ; ಇವರು ಬೈಯುವ ಜಾತಿಯವರಲ್ಲ. "ಗಣಿಗೆ ಹೋದ್ರಾಯ್ತು ಬಿಡು" ಎಂದು ಮಾತ್ರ ಅಂದರು.

ಅತ್ತೆ ಅದನ್ನು ಕೇಳಿಸಿಕೊಂಡರು. ಮಗ ಹಾಗೆ ಕೈಬಿಡುವುದನ್ನು ಅವರು ಒಪ್ಪಲಿಲ್ಲ. "ಕಡೂರಿನ ವಕೀಲರ ಹತ್ರ ಹೋಗಾನ ನಡಿ. ಪೂಜೆ ಮಾಡ್ಸಿದೋಳು ನಾನು. ಹೆಂಗೆ ಮಾಡ್ಸಿದೆ ಅಂತ ನಾನೇ ಹೇಳ್ತೀನಿ. ದೇವ್ರ ಕೆಲ್ಸಕ್ಕೆ ಸರ್ಕಾರ ಅಡ್ಡ ಬತ್ತದಾ?"

ಹಾಗೆ ಮೂವರೂ ಮರುದಿನ ಬೀರೂರಿನ ಮೇಲೆ ಕಡೂರಿಗೆ ಹೋದೆವು. ವಕೀಲರು ನಮ್ಮ ಹಿಂದಿನ ಅರ್ಜಿಗಳನ್ನೆಲ್ಲ ಬರೆದುಕೊಟ್ಟವರು, ಇವರ ಬುದ್ಧಿಯ ಮೇಲೆ ಅವರಿಗೆ ಅಭಿಮಾನ. ಎಲ್ಲವನ್ನೂ ಕೇಳಿ, ಕನ್ನಡಕ ಒರೆಸಿಕೊಂಡು, ಒಂದು ದಾರಿ ಹುಡುಕಿದರು.

"ಐದು ಜನ, ಅದೂ ಮನೆಯೊಳಗೆ, ಪೂಜೆಗೆ ಅಂತ ತಿರುಗಿಸಿದರೆ ಅದನ್ನು ಸಾರ್ವಜನಿಕ ಬಳಕೆ ಅನ್ನೋದು ಕಷ್ಟ. ಹಾಗೇ ಬರೆಯೋಣ" ಎಂದು ಲೇಖನಿ ತೆಗೆದುಕೊಂಡರು.

ಅತ್ತೆ ಚಾಪೆಯ ಮೇಲೆ ಮುಂದಕ್ಕೆ ಸರಿದು ಕೂತರು. "ಐವರೇ ಅಲ್ಲ ಸ್ವಾಮಿ. ಅವತ್ತಿನಿಂದ ಇಡೀ ಬೀದಿ ನಮ್ಮನೇಲೇ ಬೀಸ್ತಾ ಐತೆ. ನಿನ್ನೆ ಶಿವನಿಯಿಂದ ನಮ್ಮ ನಾದಿನಿ ಕೂಡ ಉದ್ದು ಹೊತ್ಕಂಡು ಬಂದಿದ್ಲು."

ವಕೀಲರು ಲೇಖನಿ ಕೆಳಗಿಟ್ಟರು.

"ಅಮ್ಮಾ, ನೀನು ಸ್ವಲ್ಪ ಸುಮ್ನಿರು" ಎಂದರು ಇವರು.

"ಯಾಕಪ್ಪಾ ಸುಮ್ನಿರ್ಲಿ? ನಾನೇನು ಕದ್ದು ಮಾಡಿದ್ನಾ? ಇಡೀ ಬೀದಿ ಬೀಸಿದ ಕಲ್ಲನ್ನ ಐವರು ಮುತ್ತೈದೇರ ಬಿಟ್ಟು ಯಾರೂ ಮುಟ್ಟಿಲ್ಲ ಅಂತ ಕಾಗದದಾಗೆ ಬರೀತೀಯಾ? ಹಂಗೆ ಬರೆದ ಕಾಗದ ನಮ್ಮ ಮನೆಗೆ ಬ್ಯಾಡ."

ಇವರು ವಕೀಲರ ಕಡೆ ತಿರುಗಿ, "ಅಮ್ಮ ಹೇಳೋದು ನಿಜ. ಸುಳ್ಳು ಪ್ರಮಾಣಕ್ಕೆ ನಾನು ಸಹಿ ಹಾಕೋದಿಲ್ಲ" ಎಂದರು. ಇವರ ದನಿಯಲ್ಲಿ ದುಃಖ ಇತ್ತು, ಅನುಮಾನ ಇರಲಿಲ್ಲ. ಇನ್ನು ಗಣಿಯೇ ಗತಿ ಎಂದುಕೊಂಡೆ. ಆದರೂ ತಾಯಿ ಮಗ ಇಬ್ಬರೂ ಒಂದೇ ರೀತಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತದ್ದನ್ನು ನೋಡಿ ಸಮಾಧಾನವೂ ಆಯಿತು.

ವಕೀಲರ ಮನೆಯವರು ಒಳಗಿನಿಂದ ಮಜ್ಜಿಗೆ ಕಳಿಸಿದರು. ಮಜ್ಜಿಗೆ ಕುಡಿಯುತ್ತ ಅತ್ತೆ ತಮ್ಮಷ್ಟಕ್ಕೆ ಹೇಳಿಕೊಂಡರು: "ಕಲ್ಲಿಗೇನಾಗಿತ್ತು, ಎಲ್ರೂ ಮೆಚ್ಚಿದ್ರು. ಹಿಟ್ಟೊಂದು ನುಣ್ಣಗೆ ಬರಲಿಲ್ಲ ಅಷ್ಟೆ."

"ಹಿಟ್ಟು ನುಣ್ಣಗೆ ಬರಲಿಲ್ಲವಾ?" ಎಂದು ವಕೀಲರು ಕೇಳಿದರು.

"ಎಲ್ಲಿ ಬಂತು. ಮೂಲೆಮನೆಯೋಳು ಕುದುರೆ ನುಚ್ಚು ಅಂದ್ಬಿಟ್ಲು."

ಇವರು ಮಜ್ಜಿಗೆ ಲೋಟವನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದರು. "ನುಚ್ಚಾ? ನನಗೆ ಹೇಳ್ಲೇ ಇಲ್ವಲ್ಲ."

"ನೀವು ಕೇಳಿದ್ದೆಲ್ಲಿ? ಕೊಟ್ಟಿಗೆಯಿಂದ ಎದ್ದು ಬಂದ್ರೆ ತಾನೇ" ಎಂದೆ.

ಇವರು ತಮ್ಮ ಎರಡು ಅಂಗೈಗಳನ್ನು ಒಂದರ ಮೇಲೊಂದು ಹಿಡಿದು, ನಡುವೆ ಒಂದು ಕೂದಲೆಳೆಯಷ್ಟು ಸಂದು ಬಿಟ್ಟು ನೋಡಿದರು. ಕಲ್ಲು ಗುಂಡುಗಳ ಮೇಲೆ ಕೂತದ್ದರಿಂದ ಮೇಲಕ್ಕೆ ಎದ್ದಿದೆ, ಭಾರ ಕೆಳಗಿನ ಕಲ್ಲಿನ ಮೇಲೆ ಬೀಳುತ್ತಿಲ್ಲ, ಅದಕ್ಕೇ ಹಗುರ, ಅದಕ್ಕೇ ನುಚ್ಚು ಎಂದು ತಮಗೆ ತಾವೇ ಹೇಳಿಕೊಂಡರು. ಆ ಸಂದನ್ನು ಬೇಕಾದಷ್ಟು ಹೆಚ್ಚು ಕಡಿಮೆ ಮಾಡುವ ಹಾಗಿದ್ದರೆ? ಕೆಳಗಿನ ಕಲ್ಲಿನ ಮಧ್ಯದಿಂದ ಒಂದು ತಿರುಪು ಮೊಳೆ ಬಂದು, ಗುಂಡುಗಳ ಬಿಲ್ಲೆಯನ್ನೇ ಏರಿಸಿ ಇಳಿಸುವ ಹಾಗಿದ್ದರೆ?

ವಕೀಲರು ಮೆಲ್ಲಗೆ ನಕ್ಕರು. "ಹಾಗಾದರೆ ಊರವರು ನೋಡಿದ್ದು ಅರ್ಧ ಕಲ್ಲು. ಗುಂಡಿನ ಮೇಲೆ ಕೂರಿಸಿದ್ದು ಊರಿಗೆ ಸೇರಿತು, ಅದನ್ನು ಮರೆಯಿರಿ. ತಿರುಪನ್ನು ಯಾರೂ ನೋಡಿಲ್ಲ. ಅದನ್ನು ಮಾಡಿ, ಅದಕ್ಕೆ ಮಾತ್ರ ಅರ್ಜಿ ಹಾಕೋಣ. ಆದರೆ ತಾಯಿ, ಅರ್ಜಿ ಸ್ವೀಕಾರ ಆಯಿತು ಅಂತ ಕಾಗದ ಬರೋವರೆಗೆ ಹೊರಗಿನವರು ಒಬ್ಬರೂ ಆ ಕಲ್ಲನ್ನು ಮುಟ್ಟಬಾರದು."

"ಮುತ್ತೈದೇರೂವಾ?" ಎಂದು ಅತ್ತೆ ಕೇಳಿದರು.

"ಮುತ್ತೈದೆಯರೂ."

ತಿರುಪು ಕೂರಿಸುವುದು ನಾನು ಎಣಿಸಿದಷ್ಟು ಸುಲಭವಾಗಲಿಲ್ಲ. ಕಲ್ಲನ್ನು ಒಂದು ಮಣೆಯ ಮೇಲೆ ಎತ್ತಿಟ್ಟು, ಅಡಿಯಿಂದ ಕೈ ಹಾಕಿ ತಿರುಗಿಸುವಂತೆ ಚಿಕ್ಕ ಹಿಡಿ ಮಾಡಿದರು. ಮೊದಲನೆಯ ತಿರುಪು ಬೀಸುತ್ತ ಬೀಸುತ್ತ ತಾನೇ ಸಡಿಲವಾಗಿ, ಹಿಟ್ಟಿನಿಂದ ಶುರುವಾದದ್ದು ನುಚ್ಚಿನಲ್ಲಿ ಮುಗಿಯುತ್ತಿತ್ತು. ಎರಡನೆಯದರ ಹಲ್ಲಿಗೆ ಹಿಟ್ಟು ತುಂಬಿ ಅದು ಅಲ್ಲಾಡದೆ ನಿಂತುಬಿಟ್ಟಿತು. ಆಮೇಲೆ ಅದಕ್ಕೊಂದು ತಗಡಿನ ಟೋಪಿ ಹಾಕಿದರು. ಪ್ರತಿಯೊಂದು ಸಲವೂ ಬೀಸಿ ನೋಡುತ್ತಿದ್ದವಳು ನಾನು. ಮುದ್ದೆಗೆ ಬಿಗಿ ಮಾಡು, ತೊಗರಿಗೆ ಸಡಿಲ ಮಾಡು, ಮತ್ತೆ ಮುದ್ದೆಗೆ ಬಿಗಿ ಮಾಡು. ಆ ದಿನಗಳಲ್ಲಿ ನಾವು ತಿಂದ ಮುದ್ದೆಗಳಲ್ಲಿ ಕೆಲವು ಗಂಟಲಲ್ಲಿ ಇಳಿದದ್ದು ಸಾರಿನ ಬಲದಿಂದ. ಕಡೆಗೊಂದು ದಿನ ಮುದ್ದೆ ಮುರಿದಾಗ ಒಳಗೆ ರೇಷ್ಮೆಯಂತೆ ಇತ್ತು. ಇವರು ಎರಡು ಮುದ್ದೆ ಉಂಡು, ಕೈ ತೊಳೆದು, ಆ ಮಧ್ಯಾಹ್ನದ ರೈಲಿಗೇ ಕಡೂರಿಗೆ ಹೋದರು.

ಅರ್ಜಿ ಹೋಯಿತು. ಕಾಯುವುದು ಉಳಿಯಿತು. ಅದರಲ್ಲಿ ನಿಜವಾಗಿ ಕಷ್ಟಪಟ್ಟವರು ಅತ್ತೆ. ಕಲ್ಲನ್ನು ಒಳಕೋಣೆಗೆ ಸಾಗಿಸಿ ಬಾಗಿಲು ಹಾಕಿದ್ದೆವು. ಹೆಂಗಸರು ಎಂದಿನಂತೆ ಮೊರ ಹಿಡಿದು ಬರುತ್ತಿದ್ದರು. ತಮ್ಮ ಜೀವಮಾನದಲ್ಲಿ ಒಬ್ಬರನ್ನೂ ಬೀಸುವ ಕಲ್ಲಿನಿಂದ ಹಿಂದಕ್ಕೆ ಕಳಿಸದ ಅತ್ತೆ ಈಗ ಜಗುಲಿಯ ಮೇಲೆ ಕೂತು ಎಲ್ಲರನ್ನೂ ಹಿಂದಕ್ಕೆ ಕಳಿಸಬೇಕಾಯಿತು.

"ಕಲ್ಲಿಗೆ ಹುಷಾರಿಲ್ಲ ಕಣವ್ವ" ಎಂದರು ಮೊದಲ ದಿನ.

"ಕಲ್ಲಿಗೇನು ಜ್ವರ ಬಂದದಾ ಅತ್ತೆಮ್ಮ?"

"ಬಂದದೆ."

ಮೂಲೆಮನೆಯ ದೊಡ್ಡಮ್ಮ ಬೀದಿಯ ಆ ತುದಿಯಿಂದಲೇ, "ಖಾತೆ ಮಾಡಿಸ್ಕಂಡೋರು ಇನ್ಮೇಲೆ ನಮ್ಮಂಥೋರ್ನ ಒಳಗೆ ಬಿಟ್ಕಂತಾರಾ" ಎಂದು ಅತ್ತೆಗೆ ಕೇಳುವಂತೆ ಅಂದರು. ಅತ್ತೆ ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಬೀದಿಯಲ್ಲಿ ಎರಡು ಮೂರು ಮನೆಯವರು ನಮ್ಮೊಡನೆ ಮಾತು ಕಡಿಮೆ ಮಾಡಿದರು. ಅಷ್ಟರಲ್ಲಿ ತರೀಕೆರೆಯ ಸಾಹುಕಾರರು, ಗುಂಡಿನ ಕಲ್ಲಿಗೆ ಪೇಟೆಂಟ್ ಸಿಗುವುದಿಲ್ಲವೆಂದು ತಿಳಿದು, ಬರೀ ತಿರುಪಿಗೆ ಕಾಗದ ಬಂದರೆ ಆಗ ನೋಡೋಣ, ನನಗೆ ಹೆಚ್ಚು ಆಸೆಯಿಲ್ಲ ಎಂದು ಹೇಳಿ ಕಳಿಸಿದರು. ಶಿವರಾತ್ರಿ ಕಳೆಯಿತು. ಯುಗಾದಿ ಹತ್ತಿರ ಬಂತು. ನಾನು ಗಣಿಯ ಪ್ರಯಾಣಕ್ಕೆ ಬೇಕೆಂದು ಇವರ ಎರಡು ಅಂಗಿಗಳ ಗುಂಡಿ ಹೊಲಿದಿಟ್ಟೆ. ಇವರು ಅದನ್ನು ನೋಡಿದರು. ಕೊಟ್ಟಿಗೆಯಲ್ಲಿ ಇನ್ನೂ ನಾಲ್ಕು ತಿರುಪು ಮಾಡಿಟ್ಟರು.

ಅರ್ಜಿ ಸ್ವೀಕಾರವಾದ ಕಾಗದ ಬಂದದ್ದು ಒಂದು ಬೆಳಗ್ಗೆ, ಅತ್ತೆ ಸೊಪ್ಪು ಸೋಸುತ್ತಿದ್ದಾಗ. ಇವರು ಓದಿ, "ಇನ್ನು ತೋರಿಸ್ಬೋದು" ಎಂದರು. ಅತ್ತೆ ಸೊಪ್ಪನ್ನು ಅಲ್ಲೇ ಬಿಟ್ಟು, ಸೆರಗು ಸರಿಮಾಡಿಕೊಂಡು ಬೀದಿಗೆ ಇಳಿದರು. ಮೊದಲು ಹೋದದ್ದು ಮೂಲೆಮನೆಗೆ. ಅಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಅರ್ಧ ಗಂಟೆಯೊಳಗೆ ನಮ್ಮ ನಡುಮನೆ ತುಂಬಿತ್ತು, ಮೂಲೆಮನೆಯ ದೊಡ್ಡಮ್ಮ ಗೂಟ ಹಿಡಿದು ಕೂತಿದ್ದರು.

ಸಾಹುಕಾರರಿಗೆ ಇವರು ಹೇಳಿ ಕಳಿಸಿದ್ದರು. ಮೂರನೆಯ ದಿನ ಅವರು ತರೀಕೆರೆಯಿಂದ ಬಂದಾಗಲೂ ನಡುಮನೆಯಲ್ಲಿ ಅದೇ ಹೆಂಗಸರೇ ಇದ್ದರು. ಸಾಹುಕಾರರು ಜಗುಲಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ನಿಧಾನವಾಗಿ ಅಂದರು: "ತಿರುಪು ಚೆನ್ನಾಗಿದೆ, ಒಪ್ಪಿದೆ. ಆದರೆ ಗುಂಡಿನ ಕಲ್ಲನ್ನ ಯಾರು ಬೇಕಾದ್ರೂ ಮಾಡಬಹುದಲ್ಲ. ನಿಮ್ಮೂರ ಕಮ್ಮಾರರೇ ಮಾಡಿ ಮಾರ್ತಾ ಇದ್ದಾರಂತೆ. ನಾನು ಏನನ್ನ ಮಾರಲಿ?"

ಇವರು ಉತ್ತರ ಕೊಡುವ ಮೊದಲೇ ಒಳಗಿನಿಂದ ದೊಡ್ಡಮ್ಮನ ದನಿ ಬಂತು. "ಮಾರ್ತಾ ಇದ್ದಾರೆ ಸ್ವಾಮಿ. ನಮ್ಮನೆಗೂ ಒಂದು ತಂದ್ವಿ. ನುಚ್ಚು ಬಿಟ್ಟು ಬ್ಯಾರೇನೂ ಬರಾಕಿಲ್ಲ. ಈಗ ಅದು ಹಿತ್ತಿಲ ಬಾಗಿಲಿಗೆ ಒತ್ತುಗಲ್ಲಾಗಿ ಐತೆ. ಆ ತಿರುಪು ಕೊಡಿ, ಹಾಕಿಸ್ಕಂತೀವಿ."

"ನಮ್ಮನೆಗೂ ಒಂದು" ಎಂದರು ಇನ್ನೊಬ್ಬರು.

"ಯಗಟಿಯಲ್ಲಿ ನಮ್ಮ ತವರಿನೋರೂ ಕೇಳ್ತಾ ಇದ್ರು" ಎಂದರು ಮತ್ತೊಬ್ಬರು.

ಸಾಹುಕಾರರು ಅಗಿಯುವುದನ್ನು ನಿಲ್ಲಿಸಿದರು. ಇವರು ಆಗ ನಿಧಾನವಾಗಿ ಹೇಳಿದರು: "ಕಲ್ಲು ಮಾರೋದು ಬೇಡ. ಕಲ್ಲು ಎಲ್ಲರ ಮನೇಲೂ ಇದೆ. ಬಿಲ್ಲೆ, ಗುಂಡು, ತಿರುಪು ಒಂದು ಡಬ್ಬಿಯಲ್ಲಿಟ್ಟು ಮಾರೋಣ. ಕಮ್ಮಾರರು ಮಾಡಿದ ಕಲ್ಲಿಗೂ ಕೂರುತ್ತೆ, ಅಜ್ಜಿಯ ಕಾಲದ ಕಲ್ಲಿಗೂ ಕೂರುತ್ತೆ. ಕೂರಿಸೋ ಕೆಲಸ ಆಯಾ ಊರಿನ ಕಮ್ಮಾರರೇ ಮಾಡಲಿ, ಕೂಲಿ ಅವರಿಗಿರಲಿ. ಊರಿಗೆ ಹೋದದ್ದು ಊರಿಗಿರಲಿ. ತಿರುಪು ನನ್ನದು."

ಸಾಹುಕಾರರು ಎದ್ದು ಒಳಗೆ ಇಣುಕಿ, ಮೊರದಿಂದ ಒಂದು ಚಿಟಿಕೆ ಹಿಟ್ಟು ಕೇಳಿದರು. ದೊಡ್ಡಮ್ಮ ಅವರ ಅಂಗೈಗೆ ಹಾಕಿದರು. ಅವರು ಬೆರಳಿನಿಂದ ಉಜ್ಜಿ ನೋಡಿ, ನಾಲಿಗೆಗೂ ಇಟ್ಟುಕೊಂಡು, "ಸೋಮವಾರ ಕಾಗದ ಪತ್ರ ಮಾಡಿಸಿಕೊಂಡು ಬರ್ತೀನಿ" ಎಂದರು. ಅತ್ತೆ ಅವರಿಗೆ ಊಟ ಮಾಡದೆ ಹೋಗಬಾರದೆಂದು ಹೇಳಿದರು. ಆ ಹಿಟ್ಟಿನ ಮುದ್ದೆಯನ್ನೇ ಬಡಿಸಿದೆವು. ಮೂರನೆಯದನ್ನು ಅವರೇ ಕೇಳಿ ಹಾಕಿಸಿಕೊಂಡರು.

ಆಮೇಲೆ ಇವರು ಇನ್ನೂ ಎಷ್ಟೋ ವಸ್ತು ಮಾಡಿದರು. ಕೆಲವಕ್ಕೆ ಕಾಗದ ಬಂತು, ಕೆಲವು ಕೊಟ್ಟಿಗೆಯಲ್ಲೇ ಉಳಿದವು. ಬಂದದ್ದರಲ್ಲಿ ಮನೆ ನಡೆಯಿತು, ಚೆನ್ನಾಗಿಯೇ ನಡೆಯಿತು. ಆದರೆ ಸಾಹುಕಾರರು ತರೀಕೆರೆಯ ರೈಲಿಗೆ ಹೊರಟ ಆ ಸಂಜೆಯನ್ನು ನಾನು ಬೇರೆಯಾಗಿಯೇ ನೆನೆಯುತ್ತೇನೆ. ಇವರು ಗಣಿಯ ಸ್ನೇಹಿತರಿಗೆ, ನಾನು ಬರುವುದಿಲ್ಲ, ಆ ಜಾಗವನ್ನು ಬೇಕಾದವರಿಗೆ ಕೊಡಿ ಎಂದು ಕಾರ್ಡು ಬರೆದರು. ಅಂಚೆಗೆ ಹಾಕಲು ಹೊರಟವರು ಬಾಗಿಲಲ್ಲೇ ನಿಂತು, ಏನೋ ಹೊಳೆದವರಂತೆ ಮುಖ ಮಾಡಿದರು. ಕಾರ್ಡನ್ನು ನನ್ನ ಕೈಗೆ ಕೊಟ್ಟು, "ನೀನೇ ಹಾಕ್ಬಿಟ್ಟು ಬಾ, ನಂಗೆ ಒಂದು ಕೆಲ್ಸ ಐತೆ" ಎಂದು ಕೊಟ್ಟಿಗೆಗೆ ಹೋದರು. ನಾನು ಸೆರಗು ಹೊದ್ದು, ಬೀದಿಯ ತುದಿಯವರೆಗೆ ನಡೆದುಹೋಗಿ, ಕಾರ್ಡನ್ನು ಪೆಟ್ಟಿಗೆಯೊಳಗೆ ಹಾಕಿ ಬಂದೆ. ಹಿತ್ತಿಲಿನಲ್ಲಿ ಆಗಲೇ ಅರದ ಸದ್ದು ಕೇಳುತ್ತಿತ್ತು.